ಡೈನರ್ ಅಂದರೆ ಏನು? ರೂಟ್ 66ಕ್ಕೆ ಹೊರಡುವ ಮುನ್ನ ತಿಳಿದಿರಬೇಕಾದ್ದು

ಹೋದ ವಾರ ಚಿಕ್ಕಮ್ಮ ಮೈಸೂರಿನಿಂದ ಫೋನ್ ಮಾಡಿದ್ದರು. ಅವರ ಮಗಳು ಇರುವುದು ಶಿಕಾಗೋ ಹತ್ತಿರ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಕಾರಿನಲ್ಲಿ ಕ್ಯಾಲಿಫೋರ್ನಿಯಾ ತನಕ ಕರೆದೊಯ್ಯುವ ಆಸೆ ಅವಳಿಗೆ. "ದಾರಿಯುದ್ದಕ್ಕೂ ಡೈನರ್‌ನಲ್ಲೇ ತಿನ್ನೋದಂತೆ ಕಣೋ. ಡೈನರ್ ಅಂದ್ರೆ ರಾತ್ರಿ ಊಟದ ಹೋಟೆಲ್ಲಾ? ಬೆಳಿಗ್ಗೆ ತಿಂಡಿಗೆ ಏನು ಮಾಡೋದು?" ಎಂದು ಕೇಳಿದರು.

ಈ ವರ್ಷ ಇದೇ ಪ್ರಶ್ನೆ ಬಹಳ ಮನೆಗಳಲ್ಲಿ ಬರಬಹುದು. ಅಮೆರಿಕದ ಹೆಸರಾಂತ ಹೆದ್ದಾರಿ ರೂಟ್ 66ಕ್ಕೆ 2026ರ ನವೆಂಬರ್ 11ಕ್ಕೆ ನೂರು ವರ್ಷ ತುಂಬುತ್ತದೆ. ಶಿಕಾಗೋದಿಂದ ಪೆಸಿಫಿಕ್ ಸಮುದ್ರದ ದಡದ ಸ್ಯಾಂಟಾ ಮೋನಿಕಾದವರೆಗೆ 2,448 ಮೈಲಿ, ಅಂದರೆ ಸುಮಾರು 3,940 ಕಿಲೋಮೀಟರ್. ಎಂಟು ರಾಜ್ಯಗಳನ್ನು ಹಾದುಹೋಗುತ್ತದೆ. ಈ ರಸ್ತೆಯಲ್ಲಿ ಹೋಗುವವರು ನೋಡುವುದಕ್ಕೆ ಎಷ್ಟು ಹೋಗುತ್ತಾರೋ ತಿನ್ನುವುದಕ್ಕೂ ಅಷ್ಟೇ ಹೋಗುತ್ತಾರೆ. ಹಾಗಾಗಿ ಚಿಕ್ಕಮ್ಮನಿಗೆ ಹೇಳಿದ್ದನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಂಥ ಹೋಟೆಲ್ ಇದು?

ಡೈನರ್‌ಗೂ ರಾತ್ರಿ ಊಟಕ್ಕೂ ನಂಟಿಲ್ಲ. ನಮ್ಮ ದರ್ಶಿನಿಗೂ ಹಳೇ ಕಾಲದ ಉಡುಪಿ ಹೋಟೆಲಿಗೂ ನಡುವೆ ಎಲ್ಲೋ ನಿಲ್ಲುವ ಜಾಗ ಅದು. ದರ್ಶಿನಿಯ ಹಾಗೆ ಅಡುಗೆ ಕಣ್ಣೆದುರೇ ಆಗುತ್ತದೆ, ಬೇಗ ಬರುತ್ತದೆ. ಉಡುಪಿ ಹೋಟೆಲಿನ ಹಾಗೆ ಕೂತು ತಿನ್ನಬಹುದು, ಸಪ್ಲೈ ಮಾಡುವವರು ಬಂದು ಏನು ಬೇಕೆಂದು ಕೇಳುತ್ತಾರೆ.

ಒಳಗೆ ಕಾಲಿಟ್ಟರೆ ಉದ್ದಕ್ಕೂ ಒಂದು ಕೌಂಟರ್. ಅದರ ಮುಂದೆ ನೆಲಕ್ಕೆ ಬಿಗಿದ, ಗರಗರ ತಿರುಗುವ ಸ್ಟೂಲುಗಳು. ಕಿಟಕಿ ಬದಿಯಲ್ಲಿ ರೈಲಿನ ಸೀಟಿನಂತೆ ಎದುರುಬದುರು ಬೆಂಚು, ನಡುವೆ ಮೇಜು. ಇದನ್ನು ಬೂತ್ ಎನ್ನುತ್ತಾರೆ. ಕೌಂಟರ್ ಹಿಂದೆ ದೊಡ್ಡ ಚಪ್ಪಟೆ ಗ್ರಿಡಲ್. ನೋಡಿದರೆ ನಮ್ಮ ದೋಸೆ ಕಾವಲಿಯೇ. ಅದರ ಮುಂದೆ ನಿಂತಿರುವವರು ಹೇಳಿದ್ದನ್ನು ನಾಲ್ಕೈದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಮೊಟ್ಟೆ, ಆಲೂಗಡ್ಡೆ, ಮಾಂಸ, ಬ್ರೆಡ್ ಎಲ್ಲವೂ ಬೇಯುವುದು ಅದೇ ಕಾವಲಿಯ ಮೇಲೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ತಿಂಡಿಯ ಚಿಂತೆ ಚಿಕ್ಕಮ್ಮನಿಗೆ ಬೇಡವೇ ಬೇಡ. ಡೈನರ್‌ಗಳಲ್ಲಿ ಬೆಳಗಿನ ತಿಂಡಿ ಇಡೀ ದಿನ ಸಿಗುತ್ತದೆ. ರಾತ್ರಿ ಎಂಟಕ್ಕೆ ಪ್ಯಾನ್‌ಕೇಕ್ ಕೇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ಯಾಕೆ ಹೀಗೆ ಎಂದು ತಿಳಿಯಲು ಕುದುರೆ ಗಾಡಿಯ ಕಾಲಕ್ಕೆ ಹೋಗಬೇಕು.

ರಾತ್ರಿಪಾಳಿಯವರ ಗಾಡಿ

1872. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರು. ವಾಲ್ಟರ್ ಸ್ಕಾಟ್ ಎಂಬಾತ ಕುದುರೆ ಕಟ್ಟಿದ ಗಾಡಿಯೊಂದನ್ನು ಅಲ್ಲಿನ ಪತ್ರಿಕಾ ಕಚೇರಿಯ ಎದುರು ತಂದು ನಿಲ್ಲಿಸಿದ. ಪತ್ರಿಕೆ ಅಚ್ಚಾಗುವುದು ರಾತ್ರಿ. ಆ ಹೊತ್ತಿಗೆ ಊರಿನ ಹೋಟೆಲುಗಳೆಲ್ಲ ಬಾಗಿಲು ಹಾಕಿರುತ್ತಿದ್ದವು. ಹಸಿದ ಕೆಲಸಗಾರರಿಗೆ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಪೈ, ಕಾಫಿ ಕೊಡುತ್ತಿದ್ದ. ಗಿರಾಕಿಗಳು ಬೀದಿಯಲ್ಲೇ ನಿಂತು ತಿನ್ನುತ್ತಿದ್ದರು. ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ತಳ್ಳುಗಾಡಿಯ ಥರವೇ.

ಮಳೆ, ಚಳಿ ಬಂದರೆ ಬೀದಿಯಲ್ಲಿ ನಿಲ್ಲುವುದು ಕಷ್ಟ. 1880ರ ದಶಕದಲ್ಲಿ ಪಕ್ಕದ ಮ್ಯಾಸಚೂಸೆಟ್ಸ್‌ನ ವುಸ್ಟರ್ ಊರಿನಲ್ಲಿ ಗಿರಾಕಿಗಳೂ ಒಳಗೆ ಬಂದು ನಿಲ್ಲಬಹುದಾದ ದೊಡ್ಡ ಗಾಡಿಗಳು ಬಂದವು. ವುಸ್ಟರ್ ಕಾರ್ಖಾನೆಗಳ ಊರು, ಮೂರೂ ಪಾಳಿ ಕೆಲಸ. ರಾತ್ರಿಪಾಳಿ ಮುಗಿಸಿದವನಿಗೆ ಬೆಳಗಿನ ಜಾವವೇ ಊಟದ ಹೊತ್ತು. ಮಧ್ಯಾಹ್ನ ಎದ್ದವನಿಗೆ ಆಗ ತಿಂಡಿ ಬೇಕು. ಎಲ್ಲ ಹೊತ್ತಿನಲ್ಲೂ ಎಲ್ಲವೂ ಸಿಗುವ ಪದ್ಧತಿ ಬೆಳೆದದ್ದು ಇಂಥ ಗಿರಾಕಿಗಳಿಂದ.

ಮುಂದೆ ಗಾಡಿಗಳು ಒಂದೇ ಕಡೆ ನೆಲೆ ನಿಂತವು. ಕುದುರೆ ಎಳೆಯುವ ಟ್ರಾಮ್ ಹೋಗಿ ವಿದ್ಯುತ್ ಟ್ರಾಮ್ ಬಂದಾಗ ಹಳೇ ಟ್ರಾಮ್ ಡಬ್ಬಿಗಳನ್ನು ಅಗ್ಗಕ್ಕೆ ಕೊಂಡು ಹೋಟೆಲ್ ಮಾಡಿದವರೂ ಇದ್ದರು. ಆದರೆ ಹಳೇ ಡಬ್ಬಿಗಳು ಕೊಳಕು ಎಂಬ ಕೆಟ್ಟ ಹೆಸರೂ ಬಂತು. ಅದನ್ನು ತೊಡೆಯಲು ಹೊಸದಾಗಿ ಕಟ್ಟುವವರು ಅಂದಿನ ಅಂದವಾದ ರೈಲುಗಳ ಊಟದ ಬೋಗಿ, ಅಂದರೆ ಡೈನಿಂಗ್ ಕಾರ್‌ನ ಹೆಸರು ಹಿಡಿದರು. 1920ರ ದಶಕದಲ್ಲಿ ಅದೇ ಮೊಟಕಾಗಿ ಡೈನರ್ ಆಯಿತು. ಡೈನರ್ ಅಂದರೆ ಹಳೇ ರೈಲು ಬೋಗಿ ಎಂದು ಬಹಳ ಜನ ನಂಬಿದ್ದಾರೆ. ಹೆಚ್ಚಿನವು ಬೋಗಿಗಳಲ್ಲ, ಬೋಗಿಯ ರೂಪ ತೊಟ್ಟವು ಅಷ್ಟೇ.

ಫ್ಯಾಕ್ಟರಿಯಿಂದ ಲಾರಿಯಲ್ಲಿ ಬಂದ ಹೋಟೆಲ್

ನನಗೆ ಅತಿ ಅಚ್ಚರಿ ತಂದ ಸಂಗತಿ ಇದು. ನಿಜವಾದ ಡೈನರ್ ಅನ್ನು ನಿವೇಶನದಲ್ಲಿ ಕಟ್ಟುವುದಿಲ್ಲ. ಕಾರ್ಖಾನೆಯಲ್ಲಿ ಪೂರ್ತಿ ಕಟ್ಟಿ, ಸ್ಟೂಲು, ಕಾವಲಿ ಎಲ್ಲ ಜೋಡಿಸಿ, ಲಾರಿಯಲ್ಲೋ ರೈಲಿನಲ್ಲೋ ತಂದು ಇಳಿಸುತ್ತಿದ್ದರು. ನೀರು, ಕರೆಂಟಿನ ಸಂಪರ್ಕ ಕೊಟ್ಟರೆ ಸಾಕು, ವ್ಯಾಪಾರ ಶುರು. ಡೈನರ್ ಉದ್ದಕ್ಕೆ, ಕಿರಿದಾಗಿ ಇರುವುದಕ್ಕೆ ಇದೇ ಕಾರಣ. ರಸ್ತೆಯಲ್ಲಿ ಸಾಗಿಸಬೇಕಾದ್ದರಿಂದ ಅಗಲಕ್ಕೆ ಮಿತಿ ಇತ್ತು.

ವುಸ್ಟರ್ ಲಂಚ್ ಕಾರ್ ಕಂಪನಿ 1906ರಿಂದ 1957ರ ತನಕ ಹೀಗೆ 651 ಡೈನರ್‌ಗಳನ್ನು ಕಟ್ಟಿತು. ನ್ಯೂಜೆರ್ಸಿಯ ಜೆರ್ರಿ ಒಮಹೋನಿ ಕಂಪನಿ ಅದಕ್ಕಿಂತ ದೊಡ್ಡದು. ಹಣ ಪೂರ್ತಿ ಇಲ್ಲದವರಿಗೆ ಕಂತಿನಲ್ಲೂ ಕೊಡುತ್ತಿದ್ದರು. ದುಡಿಯುವ ಮನಸ್ಸಿದ್ದ ಸಾಮಾನ್ಯ ಕುಟುಂಬವೊಂದು ಚಿಕ್ಕ ಜಾಗ ಬಾಡಿಗೆಗೆ ಹಿಡಿದು ಹೋಟೆಲ್ ಮಾಲೀಕರಾಗಲು ಇದು ದಾರಿಯಾಯಿತು. ಈಶಾನ್ಯ ಅಮೆರಿಕದಲ್ಲಿ ಗ್ರೀಸ್‌ನಿಂದ ವಲಸೆ ಬಂದವರು ಈ ಕಸುಬಿನಲ್ಲಿ ಗಟ್ಟಿಯಾಗಿ ನೆಲೆಯೂರಿದರು. ನ್ಯೂಜೆರ್ಸಿಯ ಡೈನರ್‌ಗಳಲ್ಲಿ ಇವತ್ತಿಗೂ ಗ್ರೀಕ್ ಸಲಾಡ್ ಸಿಗುವುದು ಅದಕ್ಕೇ.

ಮೊದಮೊದಲು ಅಲ್ಲಿ ಬರುತ್ತಿದ್ದವರು ಬರೀ ಗಂಡಸರು. ಹೆಂಗಸರು, ಮಕ್ಕಳು ಬರಲಿ ಎಂದು 1920ರ ದಶಕದಲ್ಲಿ ಬೂತ್‌ಗಳನ್ನು ಹಾಕಿದರು, ಹೆಂಗಸರಿಗೆ ಸ್ವಾಗತ ಎಂದು ಬೋರ್ಡ್ ಬರೆಸಿದರು. 1930ರ ದಶಕದಲ್ಲಿ ಗಾಳಿ ಸೀಳಿ ಓಡುವಂಥ ದುಂಡು ಮೂಲೆಯ ರೈಲುಗಳು ಬಂದಾಗ ಡೈನರ್‌ಗಳೂ ಅದೇ ಆಕಾರಕ್ಕೆ ಬಂದವು. ಹೊರಗೆ ಹೊಳೆಯುವ ಸ್ಟೀಲ್, ಮೇಲೆ ನಿಯಾನ್ ದೀಪ. ಸ್ಟೀಲ್ ಒರೆಸಲು ಸುಲಭ, ಚೊಕ್ಕಟವಾಗಿದೆ ಎಂದು ದೂರದಿಂದಲೇ ಕಾಣುತ್ತದೆ.

ಇಂಥ ಅಸಲಿ ಡೈನರ್ ನೋಡಲು ಹೋಗಬೇಕಾದ್ದು ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ಕಡೆಗೆ. ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿರುವ ಮಾಡರ್ನ್ ಡೈನರ್ 1978ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಮೊದಲ ಡೈನರ್. ಅದರ ಒಂದು ತುದಿ ರೈಲು ಎಂಜಿನ್ನಿನ ಮೂತಿಯ ಹಾಗೇ ಇದೆ. ನ್ಯೂಜೆರ್ಸಿಯಲ್ಲಿ ಕನ್ನಡದ ಕುಟುಂಬಗಳು ಬಹಳ. ಮಕ್ಕಳು ಅಲ್ಲಿದ್ದರೆ ಅವರ ಮನೆ ಹತ್ತಿರವೇ ಒಂದು ಡೈನರ್ ಇರುತ್ತದೆ.

ರೂಟ್ 66ರಲ್ಲಿ ಸಿಗುವುದು ಬೇರೆ ಬೇರೆ ಜಾತಿ

ಹಾಗಾದರೆ ರೂಟ್ 66ರಲ್ಲಿ ಇರುವುದೇನು? ಅಲ್ಲಿ ಇಂಥ ಫ್ಯಾಕ್ಟರಿ ಡೈನರ್‌ಗಳು ಕಡಿಮೆ. ಕೆಫೆ, ಡ್ರೈವ್-ಇನ್, ಬರ್ಗರ್ ಅಂಗಡಿಗಳೇ ಜಾಸ್ತಿ. ಜನ ಮಾತಿನಲ್ಲಿ ಎಲ್ಲವನ್ನೂ ಡೈನರ್ ಎಂದುಬಿಡುತ್ತಾರೆ. ಕೆಫೆ ಎಂದರೆ ಇಟ್ಟಿಗೆ, ಕಲ್ಲಿನಲ್ಲಿ ಕಟ್ಟಿದ ಸಾದಾ ಹೋಟೆಲ್. ಡ್ರೈವ್-ಇನ್ ಎಂದರೆ ಕಾರಿನಿಂದ ಇಳಿಯದೆ ತಿನ್ನುವ ಜಾಗ. ಹುಡುಗ ಹುಡುಗಿಯರು ಕಾರಿನ ಬಳಿಗೇ ತಟ್ಟೆ ತಂದುಕೊಡುತ್ತಿದ್ದರು. ಇದು ಶುರುವಾದದ್ದು 1921ರಲ್ಲಿ, ಡಲ್ಲಾಸ್ ಊರಿನಲ್ಲಿ.

ದಾರಿಯಲ್ಲಿ ಪೂರ್ವದಿಂದ ಹೊರಟರೆ ಮೊದಲ ನಿಲ್ದಾಣ ಶಿಕಾಗೋದ ಲೂ ಮಿಚೆಲ್ಸ್. ರಸ್ತೆಗಿಂತ ಹಳೆಯದು, 1923ರಲ್ಲಿ ಶುರುವಾದದ್ದು. ಜಾಗಕ್ಕಾಗಿ ಕಾಯುವವರ ಕೈಗೆ ಪುಟ್ಟ ಡೋನಟ್ ಉಂಡೆ ಕೊಡುವುದು ಅಲ್ಲಿನ ವಾಡಿಕೆ. ಮುಂದೆ ಇಲಿನಾಯ್ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೋಜಿ ಡಾಗ್. ಕಡ್ಡಿಗೆ ಚುಚ್ಚಿದ ಮಾಂಸದ ಸಾಸೇಜನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುತ್ತಾರೆ. ಮಾಡುವ ಕ್ರಮ ನಮ್ಮ ಬಜ್ಜಿಯದೇ. ಎಡ್ ವಾಲ್ಡ್‌ಮೈರ್ ಎಂಬವರು 1946ರಿಂದ ಮಾರತೊಡಗಿದ ತಿನಿಸು ಇದು.

ಸೇಂಟ್ ಲೂಯಿಸ್‌ನ ಟೆಡ್ ಡ್ರೂಸ್‌ನಲ್ಲಿ ಫ್ರೋಜನ್ ಕಸ್ಟರ್ಡ್ ಸಿಗುತ್ತದೆ. ಐಸ್‌ಕ್ರೀಮಿನ ಅಣ್ಣ ಎನ್ನಬಹುದು, ಆದರೆ ಮೊಟ್ಟೆಯ ಹಳದಿ ಇರುತ್ತದೆ. ಅವರ ಕಾಂಕ್ರೀಟ್ ಎಂಬ ಬಗೆ ಎಷ್ಟು ಗಟ್ಟಿ ಎಂದರೆ, ಕೊಡುವ ಮೊದಲು ಲೋಟವನ್ನು ತಲೆಕೆಳಗು ಮಾಡಿ ತೋರಿಸುತ್ತಾರೆ. ಒಂದು ಹನಿಯೂ ಬೀಳುವುದಿಲ್ಲ.

ಒಕ್ಲಹೋಮಾಗೆ ಬಂದರೆ ಎಲ್ ರೀನೋ ಎಂಬ ಸಣ್ಣ ಊರು. ಇಲ್ಲಿನ ಈರುಳ್ಳಿ ಬರ್ಗರ್‌ಗೆ ಹಿಂದೆ ಬಡತನದ ಕತೆ ಇದೆ. ಮಾಂಸ ದುಬಾರಿ, ಈರುಳ್ಳಿ ಅಗ್ಗವಾಗಿದ್ದ ಕಷ್ಟದ ದಿನಗಳಲ್ಲಿ ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ಮಾಂಸದೊಳಕ್ಕೆ ಒತ್ತಿ, ಗಾತ್ರ ಹಿಗ್ಗಿಸಿ ಕಾವಲಿಯ ಮೇಲೆ ಬೇಯಿಸುತ್ತಿದ್ದರು. ಕಷ್ಟದ ದಿನ ಹೋಯಿತು, ರುಚಿ ಉಳಿಯಿತು. ಅಲ್ಲಿನ ರಾಬರ್ಟ್ಸ್ ಗ್ರಿಲ್ ಶುರುವಾದದ್ದು 1926ರಲ್ಲಿ, ರಸ್ತೆಯ ಓರಗೆಯದು. ಅದೇ ರಾಜ್ಯದ ಸ್ಟ್ರೌಡ್‌ನಲ್ಲಿ ರಾಕ್ ಕೆಫೆ ಇದೆ. ಹೆದ್ದಾರಿ ಕೆಲಸದಲ್ಲಿ ಉಳಿದ ಕಲ್ಲುಗಳಿಂದ ಕಟ್ಟಿ 1939ರಲ್ಲಿ ತೆರೆದದ್ದು. 2008ರಲ್ಲಿ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟರೂ ಕಲ್ಲಿನ ಗೋಡೆ ಉಳಿಯಿತು. ಹಳೇ ಕಾವಲಿಯೂ ಉಳಿಯಿತು. ಮತ್ತೆ ಕಟ್ಟಿ, ಅದೇ ಕಾವಲಿಯ ಮೇಲೆ ಅಡುಗೆ ಮಾಡಿದರು. ಆ ಕಾವಲಿಗೆ ಬೆಟ್ಸಿ ಎಂದು ಹೆಸರಿಟ್ಟಿದ್ದಾರೆ.

ಟೆಕ್ಸಸ್‌ನ ಏಡ್ರಿಯನ್ ಹಳ್ಳಿ ಸರಿಯಾಗಿ ನಡುದಾರಿ. ಮಿಡ್‌ಪಾಯಿಂಟ್ ಕೆಫೆಯ ಎದುರಿನ ಬೋರ್ಡಿನಲ್ಲಿ ಶಿಕಾಗೋಗೂ ಲಾಸ್ ಏಂಜಲೀಸ್‌ಗೂ ಅಲ್ಲಿಂದ ಒಂದೇ ದೂರ ಎಂದು ಬರೆದಿದೆ. ಇಂಥ ಚಿಕ್ಕ ಜಾಗಗಳಲ್ಲಿ ಕೆಲವು ಮಧ್ಯಾಹ್ನವೇ ಮುಚ್ಚುತ್ತವೆ, ಕೆಲವು ಚಳಿಗಾಲವಿಡೀ ತೆರೆಯುವುದಿಲ್ಲ. ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ.

ರಸ್ತೆ ಪಕ್ಕಕ್ಕೆ ಸರಿದಾಗ

ಮದ್ದೂರು ವಡೆ, ಬಿಡದಿ ತಟ್ಟೆ ಇಡ್ಲಿ ತಿನ್ನುತ್ತ ಮೈಸೂರಿಗೆ ಹೋಗುತ್ತಿದ್ದವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಕಾರುಗಳು ಊರೊಳಗೆ ಬರದೆ ಬೈಪಾಸ್‌ನಲ್ಲಿ ಹೋಗತೊಡಗಿದವು ಅಲ್ವಾ? ಅಮೆರಿಕದಲ್ಲಿ ಇದೇ ಕೆಲಸ ಇಡೀ ದೇಶದ ಅಳತೆಯಲ್ಲಿ ನಡೆಯಿತು.

ಹಳೇ ರೂಟ್ 66 ಪ್ರತಿ ಊರಿನ ಪೇಟೆ ಬೀದಿಯ ಮೂಲಕವೇ ಹೋಗುತ್ತಿತ್ತು. ಕಾರು ನಿಧಾನ ಮಾಡಲೇಬೇಕು, ನಿಧಾನ ಮಾಡಿದವರಿಗೆ ಬೋರ್ಡ್ ಕಾಣುತ್ತದೆ, ಕಾಫಿ ಕುಡಿಯುವ ಮನಸ್ಸಾಗುತ್ತದೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾನೂನಿನಿಂದ ಇಂಟರ್‌ಸ್ಟೇಟ್ ಎಂಬ ಹೊಸ ಹೆದ್ದಾರಿಗಳ ಕೆಲಸ ಶುರುವಾಯಿತು. ಸಿಗ್ನಲ್ ಇಲ್ಲ, ಊರು ಇಲ್ಲ, ಇಳಿಯಲು ಅಲ್ಲಲ್ಲಿ ಮಾತ್ರ ದಾರಿ. ಇಳಿದ ಕಡೆಯಲ್ಲಿ ಎಲ್ಲೆಲ್ಲೂ ಒಂದೇ ರುಚಿ ಕೊಡುವ ಚೈನ್ ಹೋಟೆಲುಗಳು. ಹಾಗೆ ಬೆಳೆದವುಗಳಲ್ಲಿ ಮೊದಲ ಹೆಸರು ಮೆಕ್‌ಡೊನಾಲ್ಡ್ಸ್. ಅದು 1940ರಲ್ಲಿ ಹುಟ್ಟಿದ್ದು ರೂಟ್ 66 ಹಾದುಹೋಗುವ ಸ್ಯಾನ್ ಬರ್ನಾರ್ಡಿನೋ ಊರಿನಲ್ಲೇ. 1948ರಲ್ಲಿ ಅದರ ಮಾಲೀಕರಾದ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು ಕಾರಿನ ಬಳಿಗೆ ತಂದುಕೊಡುವುದನ್ನು ನಿಲ್ಲಿಸಿ, ಕೆಲವೇ ತಿನಿಸುಗಳನ್ನು ಬೇಗ ಕೊಡುವ ಪದ್ಧತಿ ತಂದರು. ನಮ್ಮ ಸೆಲ್ಫ್ ಸರ್ವಿಸ್ ಥರ.

ಅರಿಜೋನಾದ ಸೆಲಿಗ್ಮನ್ ಊರಿನ ಪಕ್ಕದಲ್ಲಿ 1978ರ ಸೆಪ್ಟೆಂಬರ್ 22ರಂದು ಹೊಸ ಹೆದ್ದಾರಿ ತೆರೆಯಿತು. ಅದೇ ದಿನ ಊರೊಳಗಿನ ಕಾರುಗಳು ನಿಂತುಹೋದವು. 1985ರಲ್ಲಿ ಸರಕಾರ ರೂಟ್ 66ರ ನಂಬರನ್ನೇ ಪಟ್ಟಿಯಿಂದ ತೆಗೆಯಿತು. ಆದರೆ ಸೆಲಿಗ್ಮನ್‌ನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೋ ಸುಮ್ಮನೆ ಕೂರಲಿಲ್ಲ. ಊರವರನ್ನು ಸೇರಿಸಿ 1987ರಲ್ಲಿ ಸಂಘ ಕಟ್ಟಿದರು. ಅವರ ಹಟದಿಂದ ಅರಿಜೋನಾ ಸರಕಾರ ಹಳೇ ರಸ್ತೆಯನ್ನು ಐತಿಹಾಸಿಕ ಎಂದು ಘೋಷಿಸಿತು, ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಅವರ ಅಣ್ಣ ಹ್ವಾನ್ 1953ರಲ್ಲಿ ಗುಜರಿ ಮರ ಕೂಡಿಸಿ ಕಟ್ಟಿದ ಸ್ನೋ ಕ್ಯಾಪ್ ಡ್ರೈವ್-ಇನ್ ಇನ್ನೂ ಅಲ್ಲಿದೆ. ಒಂದು ಸಣ್ಣ ಊರಿನ ಅಣ್ಣ ತಮ್ಮ ಇಲ್ಲದಿದ್ದರೆ ಈ ನೂರನೇ ವರ್ಷದ ಸಂಭ್ರಮಕ್ಕೆ ರಸ್ತೆಯೇ ಉಳಿದಿರುತ್ತಿತ್ತೋ ಇಲ್ಲವೋ.

ಎಲ್ಲರಿಗೂ ತಟ್ಟೆ ಹಾಕುತ್ತಿರಲಿಲ್ಲ

ಹಳೇ ಕಾಲದ ಸೊಗಸನ್ನು ಹೇಳುವಾಗ ಇದನ್ನು ಬಿಟ್ಟರೆ ತಪ್ಪಾಗುತ್ತದೆ. 1964ರ ನಾಗರಿಕ ಹಕ್ಕುಗಳ ಕಾನೂನು ಬರುವ ತನಕ ಈ ರಸ್ತೆಯ ಬಹಳಷ್ಟು ಕಡೆ ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲ. ನ್ಯೂಯಾರ್ಕ್‌ನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ಒಂದು ಕೈಪಿಡಿ ತಂದರು. ಕಪ್ಪು ಪ್ರಯಾಣಿಕರು ಎಲ್ಲಿ ಊಟ ಮಾಡಬಹುದು, ಎಲ್ಲಿ ಮಲಗಬಹುದು ಎಂಬ ವಿವರ ಅದರಲ್ಲಿ ಇರುತ್ತಿತ್ತು. 1958ರ ಆಗಸ್ಟ್‌ನಲ್ಲಿ, ಇದೇ ದಾರಿಯ ಒಕ್ಲಹೋಮಾ ಸಿಟಿಯಲ್ಲಿ, ಶಿಕ್ಷಕಿ ಕ್ಲಾರಾ ಲೂಪರ್ ಮಕ್ಕಳನ್ನು ಕರೆದುಕೊಂಡು ಹೋಗಿ ಕಾಟ್ಜ್ ಔಷಧಿ ಅಂಗಡಿಯ ಊಟದ ಕೌಂಟರ್‌ನಲ್ಲಿ ಕೂತರು. ಕೊಡುವ ತನಕ ಏಳುವುದಿಲ್ಲ ಎಂದರು. ಕೆಲವೇ ದಿನಗಳಲ್ಲಿ ಅಂಗಡಿಯವರು ಮಣಿದರು. ಎರಡು ಲೋಟದ ಪದ್ಧತಿಯನ್ನು ಕಂಡ ನಾಡಿನವರು ನಾವು. ಆ ಸ್ಟೂಲಿನ ಮೇಲೆ ಕೂರುವುದು ಎಷ್ಟು ದೊಡ್ಡ ಕೆಲಸವಾಗಿತ್ತು ಎಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೂತ ಮೇಲೆ ಏನು ಕೇಳುತ್ತಾರೆ?

ಮೊದಲು ಕಾಫಿ. ನಮ್ಮ ಡಿಕಾಕ್ಷನ್ ಕಾಫಿಗೆ ಹೋಲಿಸಿದರೆ ತೆಳು. ಆದರೆ ಲೋಟ ಖಾಲಿಯಾದ ಹಾಗೆ ಬಂದು ಮತ್ತೆ ಮತ್ತೆ ತುಂಬುತ್ತಾರೆ, ದುಡ್ಡು ಒಂದೇ ಸಲ. ಬೈ-ಟು ಕಾಫಿಗೆ ಪೂರಾ ಉಲ್ಟಾ. ಸಾಕು ಎನಿಸಿದರೆ ಬೇಡ ಎಂದು ಹೇಳಬೇಕು. ಹಾಲಿನ ಬದಲು ಹಾಲು ಕೆನೆ ಬೆರೆಸಿದ ಪುಟ್ಟ ಡಬ್ಬಿ ಕೊಡುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಬರೀ ಟೀ ಎಂದರೆ ಸಿಹಿ ಹಾಕಿದ ತಣ್ಣನೆಯ ಟೀ ಬರುತ್ತದೆ. ಬಿಸಿ ಬೇಕಾದರೆ ಹಾಟ್ ಟೀ ಎನ್ನಬೇಕು.

ಮೊಟ್ಟೆ ಹೇಳಿದರೆ, ಹೇಗೆ ಬೇಕು ಎಂಬ ಪ್ರಶ್ನೆ ಬರುತ್ತದೆ. ಸನ್ನಿ ಸೈಡ್ ಅಪ್ ಎಂದರೆ ಮಗುಚದೆ ಬೇಯಿಸಿದ್ದು, ಹಳದಿ ಮೇಲೆ ಕಾಣುತ್ತದೆ. ಓವರ್ ಈಜಿ ಎಂದರೆ ಒಮ್ಮೆ ಮಗುಚಿದ್ದು, ಒಳಗೆ ಹಳದಿ ನೀರಾಗೇ ಇರುತ್ತದೆ. ಪೂರ್ತಿ ಬೇಯಬೇಕಾದರೆ ಓವರ್ ಹಾರ್ಡ್. ಸ್ಕ್ರ್ಯಾಂಬಲ್ಡ್ ಎಂದರೆ ಕಲಕಿದ್ದು. ಆಮೇಲೆ ಯಾವ ಬ್ರೆಡ್ ಎಂದು ಕೇಳುತ್ತಾರೆ. ಜೊತೆಗೆ ಆಲೂಗಡ್ಡೆ. ತುರಿದು ಗರಿಗರಿ ಮಾಡಿದರೆ ಹ್ಯಾಶ್ ಬ್ರೌನ್, ತುಂಡು ಮಾಡಿ ಹುರಿದರೆ ಹೋಮ್ ಫ್ರೈಸ್.

ಒಳಗೆ ಕೂಗುವ ಆರ್ಡರ್ ಕೇಳಿಸಿಕೊಳ್ಳುವುದೂ ಒಂದು ಖುಷಿ. ನಮ್ಮಲ್ಲಿ "ಎರಡ್ ಮಸಾಲೆ, ಒಂದ್ ಸೆಟ್" ಎಂದು ಕೂಗುವ ಹಾಗೆ ಅಲ್ಲಿ ಹಳಬರಿಗೆ ತಮ್ಮದೇ ಭಾಷೆ ಇತ್ತು. ತೆಪ್ಪದ ಮೇಲೆ ಆಡಮ್ ಮತ್ತು ಈವ್ ಎಂದರೆ ಟೋಸ್ಟ್ ಮೇಲೆ ಎರಡು ಮೊಟ್ಟೆ. ಎಂಬತ್ತಾರು ಎಂದರೆ ಆ ತಿನಿಸು ಖಾಲಿ. ಈ ಎಂಬತ್ತಾರು ಇವತ್ತಿಗೂ ಅಲ್ಲಿನ ಅಡುಗೆಮನೆಗಳಲ್ಲಿ ನಡೆಯುತ್ತದೆ.

ಮೊಟ್ಟೆಯನ್ನೂ ತಿನ್ನದವರಿಗೆ

ಚಿಕ್ಕಪ್ಪ ಮೊಟ್ಟೆ ತಿನ್ನುತ್ತಾರೆ, ಚಿಕ್ಕಮ್ಮ ತಿನ್ನುವುದಿಲ್ಲ. ಅವರಿಗೆ ಸ್ವಲ್ಪ ಎಚ್ಚರ ಬೇಕು. ಪ್ಯಾನ್‌ಕೇಕ್, ವಾಫಲ್ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ. ಆಲೂಗಡ್ಡೆ ಬೇಯುವ ಕಾವಲಿಯ ಮೇಲೆ ಮೊದಲು ಬೇಕನ್, ಅಂದರೆ ಹಂದಿ ಮಾಂಸ ಬೆಂದಿರಬಹುದು. ಕೆಲವು ಕಡೆ ಪೈ ಹೊದಿಕೆಗೆ, ಬೀನ್ಸ್‌ಗೆ ಹಂದಿ ಕೊಬ್ಬು ಹಾಕುತ್ತಾರೆ. ಸೂಪಿನಲ್ಲಿ ತರಕಾರಿ ಮಾತ್ರ ಕಂಡರೂ ಕೋಳಿಯ ಸಾರು ಇರಬಹುದು.

ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು. ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಮಾಂಸದ ಕೊಬ್ಬೂ ಇಲ್ಲ ಎಂದು ಬಿಡಿಸಿ ಹೇಳಬೇಕು. ಕಾವಲಿ ಬದಲು ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಎಂದು ಕೇಳಲು ಸಂಕೋಚ ಬೇಡ. ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಒಪ್ಪುತ್ತಾರೆ. ಬ್ರೆಡ್ ನಡುವೆ ಚೀಸ್ ಇಟ್ಟು ಬೆಣ್ಣೆಯಲ್ಲಿ ಕಾಯಿಸಿದ ಗ್ರಿಲ್ಡ್ ಚೀಸ್, ಓಟ್ಸ್ ಗಂಜಿ, ಹಣ್ಣು, ಟೋಸ್ಟ್ ಎಲ್ಲ ಕಡೆ ಸಿಗುತ್ತವೆ. ದಕ್ಷಿಣದ ಕಡೆ ಗ್ರಿಟ್ಸ್ ಸಿಗುತ್ತದೆ. ಮೆಕ್ಕೆಜೋಳದ ತರಿಯನ್ನು ಮೆತ್ತಗೆ ಬೇಯಿಸಿದ್ದು, ಬೆಣ್ಣೆ ಹಾಕಿಕೊಂಡರೆ ರವೆ ಗಂಜಿಯ ನೆನಪಾಗುತ್ತದೆ.

ಬಿಲ್ ಮತ್ತು ಟಿಪ್ಸ್

ಮೆನುವಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಅದರ ಮೇಲೆ ಟಿಪ್ಸ್. ನಮ್ಮಲ್ಲಿ ಟಿಪ್ಸ್ ಖುಷಿಗೆ ಕೊಡುವುದು, ಅಲ್ಲಿ ಅದು ಸಂಬಳದ ಭಾಗ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಪಡೆಯುವವರಿಗೆ ಮಾಲೀಕರು ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು, ಉಳಿದದ್ದು ಟಿಪ್ಸ್‌ನಿಂದ ತುಂಬಬೇಕು. ತುಂಬದಿದ್ದರೆ ಮಾತ್ರ ಮಾಲೀಕರು ಸೇರಿಸಬೇಕು. ಈ 2.13 ಡಾಲರ್ 1991ರಿಂದ ಬದಲಾಗಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕೂಲಿ ಕೊಡಲೇಬೇಕು. ಬಿಲ್ಲಿನ 15ರಿಂದ 20 ಪರ್ಸೆಂಟ್ ಕೊಡುವುದು ರೂಢಿ. 30 ಡಾಲರ್ ಬಿಲ್ಲಿಗೆ ನಾಲ್ಕೂವರೆಯಿಂದ ಆರು ಡಾಲರ್. ಹಳೇ ಡೈನರ್‌ಗಳಲ್ಲಿ ಬಿಲ್ ತೆಗೆದುಕೊಂಡು ಹೋಗಿ ಗಲ್ಲಾದಲ್ಲಿ ಕಟ್ಟಬೇಕು, ಟಿಪ್ಸ್ ಮೇಜಿನ ಮೇಲೆ ಬಿಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕಮ್ಮ ಕೇಳಿದ್ದು ಒಂದೇ. "ಖಾರ ಸಿಗುತ್ತಾ?"

ಸಿಗುತ್ತದೆ, ಆದರೆ ಕಾಯಬೇಕು. ಶಿಕಾಗೋದಿಂದ ಹೊರಟರೆ ಆರನೆಯ ರಾಜ್ಯ ನ್ಯೂ ಮೆಕ್ಸಿಕೋ. ಅಲ್ಲಿ ಮೊಟ್ಟೆಯಿಂದ ಹಿಡಿದು ಬರ್ಗರ್ ತನಕ ಎಲ್ಲದರ ಮೇಲೂ ಮೆಣಸಿನಕಾಯಿಯ ಗೊಜ್ಜು ಸುರಿಯುತ್ತಾರೆ. ಕೆಂಪೋ ಹಸಿರೋ ಎಂದು ಕೇಳುವುದು ಆ ರಾಜ್ಯದ ಅಧಿಕೃತ ಪ್ರಶ್ನೆ. ಎರಡೂ ಬೇಕಾದರೆ ಕ್ರಿಸ್‌ಮಸ್ ಎನ್ನಬೇಕು. ಗೊಜ್ಜಿನಲ್ಲಿ ಮಾಂಸ ಇದೆಯಾ ಎಂದು ಮಾತ್ರ ಕೇಳಿಕೊಳ್ಳಬೇಕು.

"ಅಲ್ಲೀವರೆಗೆ ಚಟ್ನಿಪುಡಿ ಇದೆ ಬಿಡು" ಎಂದರು ಚಿಕ್ಕಮ್ಮ. ಹ್ಯಾಶ್ ಬ್ರೌನ್ ಮೇಲೆ ಉದುರಿಸಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ ಎಂದೆ.